ಒಂದೇ ಅಳತೆಯ ಪಾಲಿಮರ್ ಕಣ ಮಾಡುವುದು ಹೇಗೆ?

ಗಂಟುನೋವೆಂದು ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಲ್ಯಾಬಿಗೆ ಹೋದರೆ ಆರ್‌ಎ (ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತದ) ಟೆಸ್ಟ್ ಬರೆದಿರುತ್ತಾರೆ. ಅದರಲ್ಲೊಂದು ಬಗೆ ಲೇಟೆಕ್ಸ್ ಪರೀಕ್ಷೆ. ಸ್ಲೈಡಿನ ಮೇಲೆ ಸೀರಮ್‌ಗೆ ಒಂದು ಬಿಳಿ ಹನಿ ಬೆರೆಸುತ್ತಾರೆ. ತರಿತರಿಯಾದರೆ ಪಾಸಿಟಿವ್. 1956ರಿಂದಲೂ ಇರುವ ಪರೀಕ್ಷೆ ಇದು. ಆ ಬಿಳುಪು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಕಣಗಳದ್ದು. ಇಂಥ ಕಣಗಳನ್ನು ಶಂಕರಘಟ್ಟದಲ್ಲೋ ಶಿವಮೊಗ್ಗದಲ್ಲೋ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರೂ ತಯಾರಿಸಬಹುದು. ಮನೆಯಲ್ಲಿ ಮಾತ್ರ ಬೇಡ, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಬೇಕೇ ಬೇಕು.

ಮೊದಲು ಬೀಜದ ಕಣ, ಅಂದರೆ ಆಮೇಲೆ ಉಬ್ಬಿಸಿ ದೊಡ್ಡದು ಮಾಡುವ ಸಣ್ಣ ಕಣ. ಸ್ಟೈರೀನ್‌ನಲ್ಲಿರುವ ಇನ್ಹಿಬಿಟರನ್ನು (ತಾನಾಗಿ ಪಾಲಿಮರ್ ಆಗದಂತೆ ತಡೆಯುವ ವಸ್ತು) ಅಲ್ಯೂಮಿನಾ ಮೂಲಕ ಸೋಸಿ ತೆಗೆಯಿರಿ. ಸುಮಾರು 90 ಮಿ.ಲೀ. ಎಥನಾಲ್‌ಗೆ 10 ಮಿ.ಲೀ. ಸ್ಟೈರೀನ್, ಕಣಗಳು ಅಂಟದಂತೆ ಒಂದೂವರೆ ಗ್ರಾಂ ಪಿವಿಪಿ (ಪಾಲಿವಿನೈಲ್ ಪೈರೊಲಿಡೋನ್), ಕ್ರಿಯೆ ಶುರುಮಾಡಲು ಚಿಟಿಕೆ ಎಐಬಿಎನ್ ಹಾಕಿ. ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಿ, 70 ಡಿಗ್ರಿಯಲ್ಲಿ 24 ಗಂಟೆ ನಿಧಾನವಾಗಿ ಕಲಕಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬುವ ಹಾಗಿಲ್ಲ. ಮೋಟಾರ್ ನಿಂತರೆ ಕಣಗಳು ಅಂಟಿ ಮುದ್ದೆಯಾಗಬಹುದು, ಯುಪಿಎಸ್‌ಗೆ ಹಾಕಿಡಿ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ತೊಳೆಯಿರಿ.

ನಿಜವಾದ ಕೆಲಸ ಈಗ ಶುರು. ಸ್ಟೈರೀನ್, ಸರಪಳಿಗಳನ್ನು ಒಂದಕ್ಕೊಂದು ಕಟ್ಟುವ ಡೈವಿನೈಲ್ ಬೆಂಜೀನ್, ಕ್ರಿಯೆ ಶುರುಮಾಡುವ ಬೆಂಜಾಯಿಲ್ ಪೆರಾಕ್ಸೈಡ್ ಬೆರೆಸಿ. ಪೆರಾಕ್ಸೈಡ್ ಒಣಗಿದ್ದರೆ ಉಜ್ಜಿದರೂ ಸಿಡಿಯುತ್ತದೆ, ನೀರು ಬೆರೆಸಿ ಮಾರುವುದನ್ನೇ ಕೊಳ್ಳಿ. ಮಿಶ್ರಣವನ್ನು 0.25 ಶೇಕಡ ಎಸ್‌ಡಿಎಸ್ (ಒಂದು ಬಗೆಯ ಸೋಪು) ಇರುವ ನೀರಿನಲ್ಲಿ, ಶಬ್ದದ ಅಲೆಯಿಂದ ಕಲಕುವ ಸಾನಿಕೇಟರ್‌ನಿಂದ ಸಣ್ಣ ಹನಿಯಾಗಿ ಒಡೆದು ಬೀಜಕ್ಕೆ ಸೇರಿಸಿ. ನೆನೆಹಾಕಿದ ಕಡಲೆಯ ಹಾಗೆ ಬೀಜಗಳು ಮಾನೊಮರ್ (ಪಾಲಿಮರ್ ಆಗಲಿರುವ ಸ್ಟೈರೀನ್, ಡೈವಿನೈಲ್ ಬೆಂಜೀನ್) ಹೀರಿ ಉಬ್ಬುತ್ತವೆ. ಒಂದು ಪಾಲು ಬೀಜ ಏಳು ಪಾಲು ಹೀರಿದರೆ ಗಾತ್ರ 8 ಪಟ್ಟು, ವ್ಯಾಸ ಮಾತ್ರ 2 ಪಟ್ಟು. ಇಲ್ಲಿ ಆತುರ ಬೇಡ. ರಾತ್ರಿಯಿಡೀ ಬಿಡಿ. ಮೈಕ್ರೊಸ್ಕೋಪ್‌ನಲ್ಲಿ ಬಿಡಿ ಹನಿ ಕಾಣದಿದ್ದರೆ ಮಾತ್ರ ಮುಂದೆ ಹೋಗಿ. ಹೀರದೆ ಉಳಿದದ್ದು ಬೇರೆಯೇ ಸಣ್ಣ ಕಣವಾಗುತ್ತದೆ, ಒಂದೇ ಅಳತೆ ಎಂಬುದೇ ಕೆಡುತ್ತದೆ. ನೀರಿಗೆ ಚೂರು ಸೋಡಿಯಂ ನೈಟ್ರೈಟ್ ಹಾಕಿದರೆ ಈ ಕಾಟ ತಗ್ಗುತ್ತದೆ. ಕಣಗಳು ಅಂಟದಂತೆ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಸೇರಿಸಿ, ನೈಟ್ರೋಜನ್ ಹಾಯಿಸಿ, ಮತ್ತೆ 70 ಡಿಗ್ರಿ.

ಮಾನೊಮರ್ ಬಹುಪಾಲು ಮುಗಿದ ಮೇಲೆ ಮೆಥಾಕ್ರಿಲಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ಅದಕ್ಕೆ ನೀರಿನ ಸೆಳೆತ ಜಾಸ್ತಿ, ಅಲ್ವಾ? ಹಾಗಾಗಿ ಹೆಚ್ಚಿನದು ಕಣದ ಒಳಕ್ಕೆ ಇಳಿಯದೆ ಮೈಮೇಲೆ ಉಳಿಯುತ್ತದೆ. ಅದರ ಕಾರ್ಬಾಕ್ಸಿಲ್ ಗುಂಪಿಗೆ ಇಡಿಸಿ ಎಂಬ ರಾಸಾಯನಿಕದ ಸಹಾಯದಿಂದ ಆಂಟಿಬಾಡಿ ಅಂಟಿಸಬಹುದು. ಎಷ್ಟು ಆಮ್ಲ ಕೂತಿದೆ ಎಂದು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಟ್ ಮಾಡಿ ನೋಡಿ. ಅದಕ್ಕೂ ಮೊದಲು ಚೆನ್ನಾಗಿ ತೊಳೆಯಿರಿ, ನೀರಿನಲ್ಲಿ ಸುಮ್ನೆ ತೇಲುವ ಪಾಲಿಮರ್ ಲೆಕ್ಕ ತಪ್ಪಿಸುತ್ತದೆ.

ತಯಾರಾದ ಕಣಗಳನ್ನು ನೀರಿನಲ್ಲೇ, 4 ಡಿಗ್ರಿಯಲ್ಲಿ ಇಡಿ. ಫ್ರೀಜರ್‌ಗೆ ಹಾಕಬೇಡಿ, ಹೆಪ್ಪುಗಟ್ಟಿ ಅಂಟಿಕೊಂಡವು ಮತ್ತೆ ಬಿಡಿಯಾಗುವುದು ಕಷ್ಟ.