ವಾದ ಬಿಡಿ, ನಿದ್ದೆ ನೋಡಿ: ಸೈಕೋಸಿಸ್ ಇರುವವರ ಜೊತೆ ನನ್ನ ಅನುಭವ

ಸೈಕೋಸಿಸ್ ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ನಿಜವೆನಿಸುವ ಮನಸ್ಸಿನ ಕಾಯಿಲೆ. "ರೊಟ್ಯಾಗ ಏನೋ ಹಾಕ್ಯಾರ" ಅಂತ ಈ ಕಾಯಿಲೆ ಇರುವ ತಮ್ಮನು ತಾಟು ಸರಿಸಿದರೆ, "ಹುಚ್ಚುಚ್ಚಾರ ಮಾತಾಡಬ್ಯಾಡ" ಅನ್ನಬಾರದು. "ಹೌದು, ಹಾಕ್ಯಾರ" ಅಂತ ಒಪ್ಪಲೂಬಾರದು. ನಾನು ಹೇಳುವುದು ಇಷ್ಟು: "ನನಗ ಹಂಗ ಕಾಣವಲ್ದು ತಮ್ಮಾ, ಆದ್ರ ನಿನಗ ಅಂಜಿಕಿ ಆಗ್ಯದ. ಬ್ಯಾರೆ ಏನ್ ತಿಂತಿ?" ಬಾಳೆಹಣ್ಣೋ, ಅವನೇ ಕೈಯಾರೆ ಒಡೆದ ಬಿಸ್ಕಿಟ್ ಪುಡಕೆಯೋ, ಹೊಟ್ಟೆಗೆ ಬಿದ್ದರೆ ಆ ಹೊತ್ತಿಗೆ ಗೆದ್ದಂತೆ. ಟಿವಿ ಆರಿಸಿ. ಒಬ್ಬರೇ ಮಾತಾಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ದಾರಿ ಕಟ್ಟಿದರೆ ಅಂಜಿಕೆ ಸಿಟ್ಟಾಗುತ್ತದೆ.

ಕಾಯಿಲೆ ಮರುಕಳಿಸುವಾಗ ಬಹಳ ಸಲ ಮೊದಲು ಕೆಡುವುದು ನಿದ್ದೆ. ಮಲಗಿದ್ದು, ಎದ್ದಿದ್ದು, ಗುಳಿಗೆ ನುಂಗಿದ್ದು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓಪಿಡಿಯಲ್ಲಿ "ಆರಾಮಿಲ್ಲ ಸಾರ್" ಅನ್ನುವುದಕ್ಕಿಂತ "ಮೂರು ರಾತ್ರಿ ಎರಡೆರಡು ತಾಸು ಮಲಗ್ಯಾನ" ಅಂದರೆ ಡಾಕ್ಟರಿಗೆ ಡೋಸ್ ನಿರ್ಧರಿಸಲು ಅನುಕೂಲ.

ಗುಳಿಗೆ ನಿಲ್ಲುವುದು ಹೆಚ್ಚಾಗಿ ಅಡ್ಡಪರಿಣಾಮದಿಂದ. ಈ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಗುಳಿಗೆ ಶುರುವಾದ ಮೊದಲ ದಿನಗಳಲ್ಲಿ ಕೆಲವರಿಗೆ ಕುತ್ತಿಗೆ ಸೊಟ್ಟಗಾಗಿ ಕಣ್ಣುಗುಡ್ಡೆ ಮೇಲೇರುತ್ತದೆ. ಓಣಿಯವರು "ಗಾಳಿ ಸೋಕ್ಯದ" ಅನ್ನುವುದು ಆಗಲೇ. ಸೋಕಿದ್ದು ಔಷಧಿ, ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಬೇಗ ಇಳಿಯುತ್ತದೆ. ಕುಂತಲ್ಲಿ ಕೂರಲಾಗದೆ ತಿರುಗಾಡುತ್ತಿದ್ದರೆ ರೋಗ ಹೆಚ್ಚಾಯಿತೆಂದು ನೀವೇ ಡೋಸ್ ಏರಿಸಬೇಡಿ, ಅದೂ ಗುಳಿಗೆಯದ್ದೇ ಇರಬಹುದು. ಜ್ವರ ಏರಿ ಮೈ ಸೆಟೆದರೆ ಮಾತ್ರ ಬೆಳಗಿನವರೆಗೆ ಕಾಯಬಾರದು, ಜೀವಕ್ಕೆ ಅಪಾಯ. ಒಲಾಂಜಪಿನ್ ಗುಳಿಗೆ ಆದರೆ ತೂಕ, ಸಕ್ಕರೆ ನೋಡಿಸುತ್ತಿರಿ.

ರಾಯಚೂರಿನ ಬಿಸಿಲಿಗೆ ಇನ್ನೊಂದು ಮಾತು. ಕೈನಡುಕಕ್ಕೆ ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರು ಕಡಿಮೆ ಮಾಡುತ್ತದೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಹೊಲಕ್ಕೆ ಕಳಿಸಬೇಡಿ, ನೀರು ಕೈಗೆ ಸಿಗುವಂತಿರಲಿ.

ಹುಲಿಗೆಮ್ಮನಿಗೆ ಹರಕೆ ಇದ್ದರೆ ತೀರಿಸಿ, ಯಾರದೂ ತಕರಾರಿಲ್ಲ, ಗುಳಿಗೆ ಚೀಲದಲ್ಲಿರಲಿ. ಆದರೆ ಸರಪಳಿ ಹಾಕುವ ಜಾಗಕ್ಕೆ ಕಾಲಿಡಬೇಡಿ: 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ನಿಷೇಧಿಸಿದೆ. ಆರಾಮಾದ ಮೇಲೂ, ಮೊದಲ ಸಲದ ಕಾಯಿಲೆಯೇ ಆದರೂ, ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಗುಳಿಗೆ ಬೇಕು. ಬಿಡುವುದಾದರೆ ಡಾಕ್ಟರ್ ಹೇಳಿದಂತೆ ಹಂತಹಂತವಾಗಿ.

"ಸಾಯಿ ಅಂತ ದನಿ ಹೇಳ್ತದ" ಅಂದರೆ ಮೊದಲು ಹತ್ತಿಗೆ ತಂದ ಎಣ್ಣಿ (ಕೀಟನಾಶಕ) ಡಬ್ಬಿಗಳನ್ನು ಮನೆಯಿಂದಾಚೆ ಸಾಗಿಸಿ, ಒಬ್ಬನನ್ನೇ ಬಿಡಬೇಡಿ. 108ಕ್ಕೆ ಕರೆ ಮಾಡಿ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಒಯ್ಯಿರಿ. ಅಷ್ಟು ತುರ್ತಲ್ಲದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.