ಅಟ್ಟದಿಂದ ಇಳಿದ ಪ್ರೊಜೆಕ್ಟರ್: ಮೊದಲು ರೀಲ್ ಹಾಕಬೇಡಿ

ಅಟ್ಟ ಸ್ವಚ್ಛ ಮಾಡುವಾಗ ಹಳೇ ಹೋಮ್ ಮೂವಿ ಪ್ರೊಜೆಕ್ಟರ್ ಸಿಕ್ಕಿದರೆ ಎಲ್ಲರೂ ಮಾಡುವುದು ಒಂದೇ. ಧೂಳು ಒರೆಸಿ, ಪ್ಲಗ್ ಹಾಕಿ, ಪಕ್ಕದಲ್ಲೇ ಇದ್ದ ರೀಲ್ ಏರಿಸಿ ಸ್ವಿಚ್ ಒತ್ತುವುದು. ನಾನೂ ಅದನ್ನೇ ಮಾಡಿದೆ. ಚಿಕ್ಕಪ್ಪ ಎಪ್ಪತ್ತರ ದಶಕದಲ್ಲಿ ಹೊರದೇಶದಿಂದ ತಂದಿದ್ದ ಮೆಷಿನ್. ಅಜ್ಜಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿರುವುದು ಗೋಡೆಯ ಮೇಲೆ ಮೂಡಿತು. ಮನೆಯವರೆಲ್ಲ ಇನ್ನೊಮ್ಮೆ ಎಂದರು. ಇನ್ನೊಮ್ಮೆ ಹಾಕಿದಾಗ ಅಜ್ಜಿಯ ಮುಖದ ಮೇಲೆ ಉದ್ದಕ್ಕೆ ಒಂದು ಹಸಿರು ಗೆರೆ. ಅದು ಇವತ್ತಿಗೂ ಹಾಗೇ ಇದೆ.

ಹೋಮ್ ಮೂವಿ ಫಿಲ್ಮ್‌ಗೆ ಸಾಮಾನ್ಯವಾಗಿ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದೊಳಗೆ ಓಡಿದ ಫಿಲ್ಮನ್ನೇ ತೊಳೆದು, ಅದನ್ನೇ ಪ್ರೊಜೆಕ್ಟರ್‌ಗೆ ಹಾಕುತ್ತಿದ್ದರು. ನಿಮ್ಮ ಕೈಯಲ್ಲಿರುವುದೇ ಮೂಲ, ಅದೇ ಪ್ರತಿ. ಮೆಷಿನ್ ಕೆಟ್ಟರೆ ಇನ್ನೊಂದು ಹುಡುಕಬಹುದು. ಫಿಲ್ಮ್ ಗೀಚಿದರೆ ಮುಗೀತು.

ಇಲ್ಲಿ ಹೇಳುತ್ತಿರುವುದು 8 ಎಂಎಂ ಪ್ರೊಜೆಕ್ಟರ್ ಬಗ್ಗೆ. ಇದರಲ್ಲಿ ಎರಡು ಜಾತಿ. 1932ರಲ್ಲಿ ಕೊಡಾಕ್ ತಂದ ಸ್ಟ್ಯಾಂಡರ್ಡ್ 8, ಆಮೇಲೆ 1965ರಲ್ಲಿ ಬಂದ ಸೂಪರ್ 8. ಎರಡರ ಅಗಲವೂ ಒಂದೇ, ಆದರೆ ಅಂಚಿನ ತೂತುಗಳು ಬೇರೆ. ಸೂಪರ್ 8ರ ತೂತು ಚಿಕ್ಕದು, ಒಂದೊಂದು ಚಿತ್ರದ ನಡುಮಧ್ಯಕ್ಕೆ ಬರುತ್ತದೆ. ಸ್ಟ್ಯಾಂಡರ್ಡ್ 8ರದ್ದು ದೊಡ್ಡದು, ಎರಡು ಚಿತ್ರಗಳ ಸಂದಿನಲ್ಲಿರುತ್ತದೆ. ಒಂದರ ಮೆಷಿನ್‌ಗೆ ಇನ್ನೊಂದನ್ನು ಹಾಕಿದರೆ ತೂತುಗಳು ಹರಿದುಹೋಗುತ್ತವೆ. ಎರಡನ್ನೂ ಓಡಿಸುವ ಮೆಷಿನ್‌ಗಳೂ ಇವೆ, ಅದರಲ್ಲಿ ಬದಲಾಯಿಸುವ ಗುಂಡಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಕರೆಂಟ್ ಕೊಡುವ ಮುಂಚೆ

ಹಿಂಬದಿಯಲ್ಲೋ ತಳದಲ್ಲೋ ವೋಲ್ಟೇಜ್ ಬರೆದಿರುತ್ತದೆ. ಅಮೆರಿಕದಿಂದ ಬಂದದ್ದಾದರೆ 110 ಅಥವಾ 120 ಇರಬಹುದು. ಅದನ್ನು ನಮ್ಮ 230ಕ್ಕೆ ಚುಚ್ಚಿದರೆ ಬಲ್ಬ್ ಹೋಗುತ್ತದೆ, ಮೋಟಾರೂ ಸುಡಬಹುದು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಮಾತ್ರ ಇಳಿಸುತ್ತದೆ. ಅಲ್ಲಿನ 60 ಹರ್ಟ್ಸ್‌ಗೆ ಮಾಡಿದ ಕೆಲವು ಮೋಟಾರ್‌ಗಳು ಇಲ್ಲಿನ 50ರಲ್ಲಿ ನಿಧಾನವಾಗಿ ಓಡುತ್ತವೆ. ವೋಲ್ಟೇಜ್ ಬದಲಾಯಿಸುವ ಗುಂಡಿ ಇದ್ದರೆ ಅದು ಎಲ್ಲಿ ನಿಂತಿದೆ ನೋಡಿ. ವೈರಿನ ಮೇಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸ ವೈರ್ ಹಾಕಿಸಿ.

ಇನ್ನು ಮುಂದಿನ ಎಲ್ಲ ಕೆಲಸಕ್ಕೂ ಪ್ಲಗ್ ಗೋಡೆಯಿಂದ ಹೊರಗಿರಲಿ. ಸ್ವಿಚ್ ಆಫ್ ಮಾಡಿದ್ದೇನೆ ಎಂದರೆ ಸಾಲದು. ಪ್ರತಿ ಸ್ಕ್ರೂ ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ.

ಗೇಟ್: ಅರ್ಧ ಕೆಲಸ ಇಲ್ಲೇ

ಲೆನ್ಸ್ ಹಿಂದೆ ಫಿಲ್ಮ್ ಹಾದುಹೋಗುವ ಸಣ್ಣ ಓಣಿಗೆ ಗೇಟ್ ಎನ್ನುತ್ತಾರೆ. ಲೆನ್ಸ್ ಹೊರಗೆಳೆದರೆ ಅಥವಾ ಪಕ್ಕಕ್ಕೆ ಸರಿಸಿದರೆ ಕಾಣುತ್ತದೆ. ಒಂದು ಕಡೆ ನುಣುಪಾದ ಲೋಹದ ತಟ್ಟೆ, ಇನ್ನೊಂದು ಕಡೆ ಸ್ಪ್ರಿಂಗ್ ಮೇಲೆ ಕೂತ ಒತ್ತುಪಟ್ಟಿ. ಇವೆರಡರ ನಡುವೆ ಫಿಲ್ಮ್ ಸೆಕೆಂಡಿಗೆ 16 ಅಥವಾ 18 ಸಲ ನಿಂತು ನಿಂತು ಹೋಗುತ್ತದೆ. ಫಿಲ್ಮ್ ಮೇಲಿನ ಲೇಪ ಚೂರುಚೂರೇ ಕಿತ್ತು ಇಲ್ಲಿ ಅಂಟಿಕೊಂಡು, ಬಲ್ಬಿನ ಬಿಸಿಗೆ ಕಲ್ಲಾಗುತ್ತದೆ. ನಮ್ಮ ಮೆಷಿನ್‌ನಲ್ಲಿ ಟಾರ್ಚ್ ಓರೆಯಾಗಿ ಹಿಡಿದಾಗ ಅದು ಸಿಕ್ಕಿತು: ಸಾಸಿವೆಗಿಂತ ಚಿಕ್ಕ, ತಳ ಹಿಡಿದ ಪಾಕದ ಬಣ್ಣದ ಒಂದು ಚುಕ್ಕೆ. ಅಜ್ಜಿಯ ಮುಖ ಗೀಚಿದ್ದು ಅದೇ.

ಇದನ್ನು ಬ್ಲೇಡ್, ಸೂಜಿ, ಸ್ಕ್ರೂಡ್ರೈವರ್‌ನಿಂದ ಕೆರೆಯಲೇಬೇಡಿ. ಲೋಹಕ್ಕೆ ಲೋಹ ತಾಗಿದರೆ ಗೇಟ್ ಮೇಲೇ ಗೀರು ಬಿದ್ದು, ಅಲ್ಲಿಂದಾಚೆ ಹಾಕಿದ ಪ್ರತಿ ರೀಲನ್ನೂ ಅದು ಗೀಚುತ್ತದೆ. ನಾನು ಬಳಸಿದ್ದು ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ. ತುದಿಯನ್ನು ಉಳಿಯ ಹಾಗೆ ಚಪ್ಪಟೆ ಮಾಡಿಕೊಂಡರೆ ಹೇಳಿ ಮಾಡಿಸಿದ ಆಯುಧ. ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಇಯರ್‌ಬಡ್‌ಗೆ ಹಚ್ಚಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಒಂದೇ ಸಲಕ್ಕೆ ಬರಲ್ಲ. ನನಗೆ ಐದಾರು ಸಲ ಬೇಕಾಯಿತು. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಥಿನ್ನರ್ ಅಂತೂ ಬೇಡವೇ ಬೇಡ, ಬಣ್ಣ, ಪ್ಲಾಸ್ಟಿಕ್ ಎಲ್ಲ ಕರಗೀತು. ಕೊನೆಗೆ ಹತ್ತಿಯ ಎಳೆ ಉಳಿಯದ ಹಾಗೆ ಊದುವ ರಬ್ಬರ್ ಬಲ್ಬಿನಿಂದ ಗಾಳಿ ಹೊಡೆಯಿರಿ. ಸ್ಟ್ಯಾಂಡರ್ಡ್ 8ರ ಒಂದು ಚಿತ್ರದ ಅಗಲ ಸುಮಾರು 4.5 ಮಿ.ಮೀ. ಅದನ್ನು ಗೋಡೆ ಮೇಲೆ ನಾಲ್ಕಡಿ ಮಾಡಿದರೆ 250 ಪಟ್ಟಿಗೂ ಜಾಸ್ತಿ ದೊಡ್ಡದಾಗುತ್ತದೆ. ಗೇಟ್‌ನಲ್ಲಿ ಉಳಿದ ಒಂದೆಳೆ ಹತ್ತಿ ಅಲ್ಲಿ ಬಾವಿ ಹಗ್ಗದ ಹಾಗೆ ಕುಣಿಯುತ್ತದೆ.

ಫಿಲ್ಮ್ ತಾಗುವ ಉಳಿದ ಜಾಗಗಳಿಗೂ ಇದೇ ಉಪಚಾರ. ಹಲ್ಲಿನ ಚಕ್ರಗಳಿಗೆ ಹಳೇ ಟೂತ್‌ಬ್ರಷ್ ಸಾಕು. ಸಣ್ಣ ಉರುಳೆಗಳನ್ನು ಬೆರಳಿನಿಂದ ತಿರುಗಿಸಿ ನೋಡಿ. ತಿರುಗದೆ ನಿಂತ ಉರುಳೆ ಫಿಲ್ಮ್‌ಗೆ ಉಜ್ಜುಕಾಗದ ಇದ್ದಂತೆ.

ಬೆಲ್ಟ್ ಮತ್ತು ಎಣ್ಣೆ

ಮೋಟಾರ್ ಗುಂಯ್ ಅಂದು ರೀಲ್ ತಿರುಗದಿದ್ದರೆ ಬಹುತೇಕ ಬೆಲ್ಟ್ ಹೋಗಿದೆ ಎಂದರ್ಥ. ಕೆಲವು ಸೆಟೆದು ತುಂಡಾಗಿರುತ್ತವೆ. ಕೆಲವು ಕರಗಿ, ಹಲಸಿನ ಮೇಣದ ಹಾಗೆ ಪುಲ್ಲಿಗೆ ಅಂಟಿರುತ್ತವೆ. ಹಲಸಿನ ಮೇಣಕ್ಕಾದರೆ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ, ಇಲ್ಲಿ ಅದನ್ನು ಮಾಡಬೇಡಿ. ಎಣ್ಣೆ ಉಳಿದ ಪುಲ್ಲಿಯಲ್ಲಿ ಹೊಸ ಬೆಲ್ಟ್ ಜಾರುತ್ತದೆ. ಅದೇ ಆಲ್ಕೋಹಾಲ್, ಹಳೇ ಬಟ್ಟೆ, ತಾಳ್ಮೆ. ಕೈಗವಸು ಹಾಕಿಕೊಳ್ಳಿ, ಆ ಕಪ್ಪು ಉಗುರಿನಿಂದ ವಾರ ಹೋಗಲ್ಲ.

ಹೊಸ ಬೆಲ್ಟ್ ಅಳತೆಗೆ ಪುಲ್ಲಿಗಳ ಸುತ್ತ ಒಂದು ದಾರ ಸುತ್ತಿ ಅಳೆಯಿರಿ. ಬೆಲ್ಟ್ ಅದಕ್ಕಿಂತ ಸ್ವಲ್ಪವೇ ಚಿಕ್ಕದಿರಬೇಕು. ತೀರಾ ಬಿಗಿಯಾದರೆ ಮೋಟಾರ್ ಏದುಸಿರು ಬಿಡುತ್ತದೆ. ಬೆಂಗಳೂರಿನವರು ಎಸ್‌.ಪಿ. ರಸ್ತೆಯಲ್ಲಿ ಹುಡುಕಬಹುದು. ಹಳೆಯ ಬೆಲ್ಟಿನ ತುಂಡು ಇದ್ದರೆ ಜೊತೆಗೆ ಒಯ್ಯಿರಿ, ದಪ್ಪ ಹೊಂದಿಸಲು ಬೇಕಾಗುತ್ತದೆ.

ಎಣ್ಣೆ ಹಾಕುವುದರಲ್ಲಿ ಜಿಪುಣರಾಗಿ. ಹೊಲಿಗೆ ಯಂತ್ರದ ಎಣ್ಣೆ, ತಿರುಗುವ ದಂಡದ ಬುಡಕ್ಕೆ ಒಂದು ಹನಿ, ಅದೂ ಸೂಜಿಯ ತುದಿಯಿಂದ. ಬೆಲ್ಟ್, ರಬ್ಬರ್ ಚಕ್ರ, ಗೇಟ್ ಇವುಗಳ ಹತ್ತಿರವೂ ಎಣ್ಣೆ ಸುಳಿಯಬಾರದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ. ಅದು ಎಲ್ಲ ಕಡೆ ಹಾರಿ ಕೂರುತ್ತದೆ, ಸುಮ್ನೆ ಇನ್ನೊಂದು ರಗಳೆ.

ಲೆನ್ಸ್, ಬಲ್ಬ್

ಲೆನ್ಸಿಗೆ ಮೊದಲು ಗಾಳಿ, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಕ್ಯಾಮೆರಾ ಲೆನ್ಸ್ ಒರೆಸುವ ಬಟ್ಟೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಳಗೆ ಜೇಡರ ಬಲೆಯಂಥ ಬೂಷ್ಟು ಕಾಣಬಹುದು. ಹೊರಮೈಗಾದರೆ ಒರೆಸಿ, ಒಳಗಾದರೆ ಕ್ಯಾಮೆರಾ ರಿಪೇರಿಯವರಿಗೆ ಕೊಡಿ.

ಬಲ್ಬಿನ ಮೇಲೆ ವೋಲ್ಟ್, ವ್ಯಾಟ್ ಬರೆದಿರುತ್ತದೆ. 12 ವೋಲ್ಟ್ 100 ವ್ಯಾಟ್‌ನದ್ದು ತುಂಬ ಮೆಷಿನ್‌ಗಳಲ್ಲಿ ಕಾಣುತ್ತದೆ. ಬರೆದಿರುವುದನ್ನೇ ಹಾಕಿ. ಬೆಳಕು ಜಾಸ್ತಿ ಬರಲಿ ಎಂದು ವ್ಯಾಟ್ ಏರಿಸಿದರೆ ಫಿಲ್ಮ್ ಬೆಂದೀತು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಬಿಸಿಯೇರಿ ಬಿರಿಯುತ್ತದೆ.

ಈಗ ಓಡಿಸಿ, ಆದರೆ ಖಾಲಿ

ಹತ್ತು ನಿಮಿಷ ರೀಲ್ ಇಲ್ಲದೆ ಓಡಲಿ. ಮೂಗು, ಕಿವಿ ಎರಡೂ ತೆರೆದಿರಲಿ. ಸುಟ್ಟ ವಾಸನೆ ಬಂದರೆ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಹಳೇ ಕೆಪಾಸಿಟರ್ ಹೋಗಿರಬಹುದು. ಆಮೇಲೆ ಬೇಡದ ಫಿಲ್ಮ್ ತುಂಡೊಂದನ್ನು, ರೀಲಿನ ಆರಂಭದ ಖಾಲಿ ಪಟ್ಟಿಯಾದರೂ ಸರಿ, ಹತ್ತು ಸಲ ಓಡಿಸಿ. ಭೂತಗನ್ನಡಿಯಲ್ಲಿ ನೋಡಿ. ಹೊಸ ಗೀರು ಇದ್ದರೆ ಮತ್ತೆ ಗೇಟ್‌ಗೆ ವಾಪಸ್.

ನಿಜವಾದ ರೀಲ್ ಹಾಕುವ ಮುಂಚೆ ಡಬ್ಬಿ ತೆರೆದು ಮೂಸಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ, ಕುಗ್ಗಿರಲೂಬಹುದು. ಅದನ್ನು ಓಡಿಸಬೇಡಿ, ಬೇರೆ ರೀಲ್‌ಗಳಿಂದ ದೂರ ಇಡಿ, ಆದಷ್ಟು ಬೇಗ ಸ್ಕ್ಯಾನ್ ಮಾಡಿಸಿ. ಚೆನ್ನಾಗಿರುವ 50 ಅಡಿಯ ಸೂಪರ್ 8 ರೀಲ್ ಸೆಕೆಂಡಿಗೆ 18 ಚಿತ್ರದ ವೇಗದಲ್ಲಿ 3 ನಿಮಿಷ 20 ಸೆಕೆಂಡ್ ಓಡುತ್ತದೆ. ಅಷ್ಟೇನಾ ಅನ್ನಿಸುತ್ತೆ ಅಲ್ವಾ? ಅಷ್ಟರಲ್ಲೇ ಒಂದು ಇಡೀ ಮದುವೆ ಮುಗಿಸುತ್ತಿದ್ದರು.

ರೀಲ್ ಮುಗಿದು ಬಾಲ ಪಟಪಟ ಬಡಿಯತೊಡಗಿದಾಗ ಬಲ್ಬ್ ಮಾತ್ರ ಆರಿಸಿ. ಫ್ಯಾನ್ ಎರಡು ಮೂರು ನಿಮಿಷ ಓಡಿ ಬಲ್ಬ್ ತಣಿಯಲಿ, ಆಮೇಲೆ ಮೋಟಾರ್. ಎತ್ತಿಡುವಾಗ ಗುಂಡಿ ಆಫ್‌ನಲ್ಲೇ ಇರಲಿ. ಓಡುವ ಕಡೆ ಬಿಟ್ಟರೆ ಕೆಲವು ಮೆಷಿನ್‌ಗಳ ರಬ್ಬರ್ ಚಕ್ರ ಒತ್ತಿಕೊಂಡೇ ಇದ್ದು ತಗ್ಗು ಬೀಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಮಳೆಗಾಲದ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಹೊದಿಸಿ ಬೀರುವಿನಲ್ಲಿಡಿ. ಅಟ್ಟಕ್ಕೆ ಮಾತ್ರ ಮತ್ತೆ ಏರಿಸಬೇಡಿ.