ಚೊಂಬು ಕದ್ದವನ ಕಡತ: ಬ್ರಿಟಿಷರ ಕಾಲದ ಕಳ್ಳತನದ ಕೇಸು ಓದೋದು ಹೇಗೆ

ಊರಿನ ಚರಿತ್ರೆ ಬರೀತೀನಿ, ಮನೆತನದ ಮೂಲ ಹುಡುಕ್ತೀನಿ ಅಂತ ಹೊರಟವರಿಗೆ ಒಂದಲ್ಲ ಒಂದು ದಿನ ಹಳೇ ಕಳ್ಳತನದ ಕೇಸು ಕಣ್ಣಿಗೆ ಬೀಳುತ್ತದೆ. ಪತ್ರಾಗಾರದ ಕಡತದಲ್ಲೋ, ಸರ್ಕಾರದ ಹಳೇ ವರದಿಯಲ್ಲೋ, ಯಾರದೋ ಮನೆಯ ಅಟ್ಟದ ಪೆಟ್ಟಿಗೆಯಲ್ಲೋ. ಇರೋದು ನಾಲ್ಕೇ ಸಾಲು. ಕದ್ದ, ಸಿಕ್ಕ, ಒಪ್ಪಿಕೊಂಡ, ಜೈಲಿಗೆ ಹೋದ. ಬಹಳ ಜನ ಅದನ್ನು ಹಾಗೇ ಎತ್ತಿ ಬರೆದುಬಿಡುತ್ತಾರೆ. ಮೊದಮೊದಲು ನಾನೂ ಹಾಗೇ ಮಾಡ್ತಿದ್ದೆ. ಆ ನಾಲ್ಕು ಸಾಲು ಬರೆದವನು ಪೊಲೀಸಿನವನು, ಹಾಗೆ ಬರೆಯೋದಕ್ಕೆ ಅವನಿಗೆ ಅವನದೇ ಕಾರಣ ಇತ್ತು ಅನ್ನೋದು ನನ್ನ ತಲೆಗೆ ಹೋಗಲು ಕಾಲ ಹಿಡಿಯಿತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ನಾನೇ ಕಟ್ಟಿದ್ದು, ಎಲ್ಲೂ ಹುಡುಕಬೇಡಿ. ಬಳ್ಳಾರಿ ಕಡೆಯ ಒಂದು ಹಳ್ಳಿ, 1877. ರಾತ್ರಿ ಮಣ್ಣಿನ ಗೋಡೆಗೆ ಕನ್ನ. ಹೋದದ್ದು ಒಂದು ಹಿತ್ತಾಳೆ ಚೊಂಬು, ಒಂದು ಸೀರೆ, ನಾಲ್ಕು ಸೇರು ಜೋಳ. ಒಟ್ಟು ಬೆಲೆ 2 ರೂಪಾಯಿ 6 ಆಣೆ. ಮೂರನೇ ದಿನ ಒಬ್ಬ ಸಿಕ್ಕ, ಬಣವೆ ಕೆಳಗೆ ಬಚ್ಚಿಟ್ಟಿದ್ದ ಚೊಂಬನ್ನು ತಾನೇ ತೆಗೆದು ತೋರಿಸಿದ. ಆರು ತಿಂಗಳು ಕಠಿಣ ಸಜಾ.

ಮೊದಲು ನೋಡಬೇಕಾದ್ದು ಊರು ಮತ್ತು ಇಸವಿ. ಇವತ್ತಿನ ಕರ್ನಾಟಕ ಆಗ ಒಂದೇ ಆಡಳಿತದಲ್ಲಿ ಇರಲಿಲ್ಲ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನ ಕೆಳಗೆ. ಧಾರವಾಡ, ಬೆಳಗಾವಿ ಬೊಂಬಾಯಿ ಕೆಳಗೆ, ಉತ್ತರ ಕನ್ನಡವೂ 1862ರಲ್ಲಿ ಅತ್ತ ಹೋಯಿತು. ಮೈಸೂರನ್ನು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ನಡೆಸಿದರು, ಆಮೇಲೆ ಮತ್ತೆ ಒಡೆಯರ ಕೈಗೆ ಬಂತು. ಬೀದರ್, ಕಲಬುರಗಿ, ರಾಯಚೂರು ನಿಜಾಮರದ್ದು. ಹಾಗಾಗಿ ನಿಮ್ಮ ಊರಿನ ಕಡತ ಬೆಂಗಳೂರಿನಲ್ಲಿ ಸಿಗದಿದ್ದರೆ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ, ಅದು ಚೆನ್ನೈನಲ್ಲೋ ಮುಂಬೈನಲ್ಲೋ ಧೂಳು ತಿನ್ನುತ್ತಿರಬಹುದು. ಭಾಷೆಯೂ ಕನ್ನಡವೇ ಆಗಿರಬೇಕು ಅಂತಿಲ್ಲ. ಕಮಿಷನರ್ ಕಬ್ಬನ್ ಕಾಲದ ಮೈಸೂರಿನ ಕಾಗದಗಳಲ್ಲಿ ಮರಾಠಿಯೂ ಓಡಾಡುತ್ತದೆ.

ಇಸವಿ ಯಾಕೆ ಮುಖ್ಯ ಅಂದರೆ, 1860ರ ಆಸುಪಾಸಿನಲ್ಲಿ ಎಲ್ಲ ಬದಲಾಯಿತು. ಮದ್ರಾಸಿನಲ್ಲಿ 1859ರಲ್ಲಿ ಹೊಸ ಪೊಲೀಸ್ ಕಾಯ್ದೆ, ದೇಶದ ಮಟ್ಟದಲ್ಲಿ 1861ರಲ್ಲಿ. ದಂಡ ಸಂಹಿತೆ 1860ರಲ್ಲಿ ಪಾಸಾಗಿ 1862ರ ಜನವರಿಯಿಂದ ಜಾರಿಗೆ ಬಂತು. ಅದಕ್ಕೆ ಮುಂಚೆ ಮದ್ರಾಸಿನಲ್ಲಿ ಕಂದಾಯ ಎತ್ತುವ ತಹಸೀಲ್ದಾರನೇ ಪೊಲೀಸಿನ ಯಜಮಾನನೂ ಆಗಿದ್ದ. ಹಳ್ಳಿಯಲ್ಲಿ ಕಾವಲು ನೋಡುತ್ತಿದ್ದವರು ತಳವಾರ, ತೋಟಿ. 1816ರ ಮದ್ರಾಸ್ ರೆಗ್ಯುಲೇಶನ್ ಒಂದು ಹಳ್ಳಿಯ ಮುಖ್ಯಸ್ಥನಿಗೆ ಸಣ್ಣ ಪುಟ್ಟ ಬೈದಾಟ ಹೊಡೆದಾಟಕ್ಕೆ ಶಿಕ್ಷೆ ಕೊಡುವ ಅಧಿಕಾರ ಕೊಟ್ಟಿತ್ತು: ಚಾವಡಿಯಲ್ಲಿ 12 ಗಂಟೆ ಕೂಡಿಹಾಕಬಹುದು, ಕೆಳಜಾತಿಯವನಾದರೆ ಕಾಲಿಗೆ ಕೊರಡು ಹಾಕಿ 6 ಗಂಟೆ ಕೂರಿಸಬಹುದು. ಜಾತಿ ನೋಡಿ ಶಿಕ್ಷೆ ಅಂತ ಕಾನೂನಿನಲ್ಲೇ ಬರೆದಿತ್ತು. ಇಂಥ ಸಣ್ಣ ವಿಚಾರಣೆಗಳಲ್ಲಿ ಬಹುಪಾಲು ಕಾಗದಕ್ಕೇ ಇಳಿಯಲಿಲ್ಲ. ಹಾಗಾಗಿ 1860ಕ್ಕೆ ಮುಂಚೆ ನಿಮ್ಮ ಊರಿನಲ್ಲಿ ಕಳ್ಳತನದ ದಾಖಲೆ ಇಲ್ಲ ಅಂದರೆ ಕಳ್ಳರಿರಲಿಲ್ಲ ಅಂತ ಬರೆಯಬೇಡಿ.

ಎರಡನೆಯದು ಕಲಮು. ಇಲ್ಲಿ ಸ್ವಲ್ಪ ನಿಂತು ನೋಡಿ, ಮಜಾ ಇದೆ. ದಂಡ ಸಂಹಿತೆಯಲ್ಲಿ ಕಳ್ಳತನ ಅಂದರೆ ಏನು ಅನ್ನೋದು 378ನೇ ಕಲಮು, ಅದಕ್ಕೆ ಶಿಕ್ಷೆ 379, ಮೂರು ವರ್ಷದವರೆಗೆ. ಮನೆಯೊಳಗಿಂದ ಕದ್ದರೆ 380, ಏಳು ವರ್ಷ. ನೌಕರ ಯಜಮಾನನ ವಸ್ತು ಕದ್ದರೆ 381, ಅದಕ್ಕೂ ಏಳು. ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡರೆ 411. ರಾತ್ರಿ ಮನೆ ಮುರಿದು ಕಳ್ಳತನಕ್ಕೆ ಇಳಿದರೆ 457, ಹದಿನಾಲ್ಕು ವರ್ಷದವರೆಗೂ ಹೋಗಬಹುದು. ರಾತ್ರಿ ಅಂದರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು. ದೂರಿನಲ್ಲಿ ಹೊತ್ತು ಮುಳುಗಿತ್ತೋ ಇಲ್ಲವೋ ಅಂತ ಅಷ್ಟು ಜಗ್ಗಾಡೋದು ಇದಕ್ಕೇ. ಮನೆ ಮುರಿಯೋದು ಅಂದರೆ ಏನು ಅಂತ ಹೇಳುವ 445ನೇ ಕಲಮು ಕೊಡುವ ಮೊದಲ ಉದಾಹರಣೆ ಯಾವುದು ಗೊತ್ತಾ? ಗೋಡೆಗೆ ತೂತು ಕೊರೆದು ಕೈ ತೂರಿಸೋದು. ನಮ್ಮ ಕನ್ನ! ಲಂಡನ್ನಿನ ಇಟ್ಟಿಗೆ ಮನೆಗಿಂತ ನಮ್ಮ ಮಣ್ಣಿನ ಗೋಡೆಗೆ ಹೊಂದುವ ಉದಾಹರಣೆ ಅದು. 378ರಲ್ಲೂ ಹೀಗೇ, ಜೇಬಿನಲ್ಲಿ ತಿಂಡಿ ಇಟ್ಟುಕೊಂಡು ಇನ್ನೊಬ್ಬರ ನಾಯಿಯನ್ನು ಹಿಂದೆ ಬರಿಸಿಕೊಂಡವನು ಬರುತ್ತಾನೆ, ಹಣದ ಪೆಟ್ಟಿಗೆ ಹೊತ್ತ ಎತ್ತನ್ನು ದಾರಿ ತಪ್ಪಿಸಿದವನು ಬರುತ್ತಾನೆ. ಕರಡು ಬರೆದ ಮೆಕಾಲೆ ತಂಡವೇ ಒಂದು ಕಡೆ ಒಪ್ಪಿಕೊಂಡಿತ್ತು, ಬೇರೆಯವರ ಮಸಿಯಲ್ಲಿ ಲೇಖನಿ ಅದ್ದಿದರೂ ನಮ್ಮ ಅಕ್ಷರದ ಪ್ರಕಾರ ಕಳ್ಳತನವೇ ಆಗುತ್ತದೆ ಅಂತ. ಅಷ್ಟು ಕ್ಷುಲ್ಲಕವಾದದ್ದು ಅಪರಾಧ ಆಗಬಾರದು ಅಂತ ಬೇರೆ ಕಲಮು ಸೇರಿಸಿದರು, 95.

ಒಂದು ಎಚ್ಚರ. ಈಗ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು ಕಳ್ಳತನ 303ಕ್ಕೆ ಹೋಗಿದೆ. ಹೊಸ ಪುಸ್ತಕ ಮುಂದಿಟ್ಟುಕೊಂಡು ಹಳೇ ಕಡತ ಓದಲು ಕೂತರೆ ತಲೆ ಕೆಡುತ್ತದೆ.

ಶಿಕ್ಷೆಯ ಜಾಗದಲ್ಲಿ ಜೈಲಿನ ಬದಲು ಬೆತ್ತದ ಏಟು ಅಂತಿದ್ದರೂ ಆಶ್ಚರ್ಯ ಬೇಡ. 1864ರ ಕಾಯ್ದೆ ಪ್ರಕಾರ ಮೊದಲ ಸಲ ಕದ್ದವನಿಗೂ ಜೈಲಿನ ಬದಲು ಏಟು ಹೊಡೆಸಬಹುದಿತ್ತು. ಅದು ಪೂರ್ತಿ ಹೋದದ್ದು ಸ್ವಾತಂತ್ರ್ಯ ಬಂದ ಮೇಲೆ, 1955ರಲ್ಲಿ.

ಇನ್ನು ಬೆಲೆ. 2 ರೂಪಾಯಿ 6 ಆಣೆ ಅಂದರೆ ಇವತ್ತಿನ ಲೆಕ್ಕದಲ್ಲಿ ಎಷ್ಟು ಅಂತ ಕೇಳಬೇಡಿ, ಆ ದಾರಿಯೇ ತಪ್ಪು. ಆ ಕಾಲದವರ ಸಂಬಳದ ಪಕ್ಕ ಇಡಿ. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. 1902-03ರ ಪೊಲೀಸ್ ಆಯೋಗ ಕಾನ್‌ಸ್ಟೇಬಲ್‌ಗೆ ತಿಂಗಳಿಗೆ ಕನಿಷ್ಠ 8 ರೂಪಾಯಿಯಾದರೂ ಕೊಡಿ ಅಂತ ಶಿಫಾರಸು ಮಾಡಿತು. ಆ 8 ರೂಪಾಯಿಯ ಲೆಕ್ಕದಲ್ಲೇ ಹೇಳಿದರೂ ನಮ್ಮ ಚೊಂಬು, ಸೀರೆ, ಜೋಳದ ಬೆಲೆ ಅದನ್ನು ಹುಡುಕಲು ಬಂದ ಪೇದೆಯ ಒಂಬತ್ತು ದಿನದ ಸಂಬಳ. ಇಷ್ಟು ಸಂಬಳದವನು ಫಿರ್ಯಾದಿ ಮನೆಯಲ್ಲಿ ಸುಮ್ನೆ ಊಟ ಮಾಡಿ ಹೋಗುತ್ತಿದ್ದನಾ? ಪೊಲೀಸರು ಭ್ರಷ್ಟರು, ಪೀಡಿಸುವವರು ಅನ್ನುವ ಮಾತು ಜನರಲ್ಲಿ ಬೇರೂರಿದೆ ಅಂತ ಅದೇ ಆಯೋಗ ಬರೆಯಿತು. ಎಷ್ಟೋ ಜನ ದೂರು ಕೊಡಲು ಹೋಗದೇ ಇದ್ದದ್ದಕ್ಕೆ ಇದೊಂದು ಕಾರಣ. ತಾಲ್ಲೂಕಿನವರೆಗೆ ನಡೆಯೋದು, ಕೆಲಸ ಬಿಟ್ಟು ಸಾಕ್ಷಿ ಹೇಳೋದು, ಮತ್ತೆ ಮತ್ತೆ ಕರೆಸಿಕೊಳ್ಳೋದು ಇನ್ನೊಂದು. ಚೊಂಬಿನ ಬೆಲೆಗಿಂತ ಖರ್ಚೇ ಜಾಸ್ತಿ.

ಈಗ ಕಡತದ ಹೃದಯಕ್ಕೆ ಬರೋಣ: ‘ತಾನೇ ತೆಗೆದು ತೋರಿಸಿದ.’ ಹಳೇ ಕೇಸು ಹತ್ತು ಓದಿ ನೋಡಿ, ಬಣವೆ ಕೆಳಗೆ, ತಿಪ್ಪೆಯಲ್ಲಿ, ಬಾವಿ ಪಕ್ಕ, ಹೊಲದ ಬದುವಿನಲ್ಲಿ, ಎಲ್ಲ ಕಳ್ಳರೂ ಇದ್ದಕ್ಕಿದ್ದಂತೆ ಭಾರೀ ಪ್ರಾಮಾಣಿಕರಾಗಿ ಮಾಲನ್ನು ಅಗೆದು ಕೊಟ್ಟುಬಿಡುತ್ತಾರೆ. ಯಾಕೆ ಹೀಗೆ? ಇದರ ಹಿಂದೆ ಒಂದು ಕಥೆ ಇದೆ. 1855ರಲ್ಲಿ ಮದ್ರಾಸ್ ಸರ್ಕಾರವೇ ನೇಮಿಸಿದ ಒಂದು ತನಿಖೆ ತನ್ನ ವರದಿ ಕೊಟ್ಟಿತು. ಕಂದಾಯದವರು, ಪೊಲೀಸಿನವರು ಹಣಕ್ಕೂ ತಪ್ಪೊಪ್ಪಿಗೆಗೂ ಜನರನ್ನು ಹಿಂಸಿಸೋದು ಮಾಮೂಲಿಯಾಗಿದೆ ಅಂತ ಅದರಲ್ಲಿ ಬಂತು. ಬೆರಳು ಹಿಂಡುವ ‘ಕಿಟ್ಟಿ’, ತಲೆ ಬಗ್ಗಿಸಿ ಕಾಲಿಗೆ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವ ‘ಅಣಂದಾಳ್’, ಎಲ್ಲದರ ವಿವರ ಅಲ್ಲಿದೆ. ಆಮೇಲೆ ಕಾನೂನು ಬಿಗಿ ಮಾಡಿದರು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷಿ ಆಗೋದಿಲ್ಲ ಅಂತ 1861ರ ಕ್ರಿಮಿನಲ್ ಕಾರ್ಯವಿಧಾನದಲ್ಲಿ ಬಂತು, 1872ರ ಸಾಕ್ಷ್ಯ ಕಾಯ್ದೆಯಲ್ಲಿ ಅದು 25ನೇ ಕಲಮಾಯಿತು. ಆದರೆ ಎರಡು ಹೆಜ್ಜೆ ಮುಂದೆ 27ನೇ ಕಲಮು ಒಂದು ಕಿಂಡಿ ಬಿಟ್ಟಿತು. ಆರೋಪಿ ಹೇಳಿದ ಮಾತಿನಿಂದ ಮಾಲು ಸಿಕ್ಕರೆ, ಆ ಮಾತಿನ ಅಷ್ಟು ಭಾಗ ಸಾಕ್ಷಿ ಆಗುತ್ತದೆ. ಅದರ ಜೊತೆಗೆ 114ನೇ ಕಲಮು: ಕಳುವಾದ ಸ್ವಲ್ಪ ದಿನದಲ್ಲೇ ಮಾಲು ಯಾರ ಹತ್ತಿರ ಇದೆಯೋ, ಸರಿಯಾದ ಕಾರಣ ಹೇಳದಿದ್ದರೆ, ಅವನೇ ಕಳ್ಳ ಅಥವಾ ಕಳ್ಳಮಾಲು ಕೊಂಡವನು ಅಂತ ಕೋರ್ಟು ಊಹಿಸಬಹುದು.

ಅಂದರೆ ಚೊಂಬು ಸಿಕ್ಕಿದರಷ್ಟೇ ಸಾಲದು, ಅದನ್ನು ಆರೋಪಿಯೇ ತೋರಿಸಿರಬೇಕು. ಕಡತದಲ್ಲಿ ಆ ಸಾಲು ಬಂದಾಗೆಲ್ಲ ನಾಲ್ಕು ಪ್ರಶ್ನೆ ಹಾಕಿ. ಹಿಡಿದ ದಿನಕ್ಕೂ ತೋರಿಸಿದ ದಿನಕ್ಕೂ ಎಷ್ಟು ಅಂತರ? ಆ ಹೊತ್ತು ಅವನು ಎಲ್ಲಿದ್ದ, ಠಾಣೆಯಲ್ಲೋ ಚಾವಡಿಯಲ್ಲೋ? ಪಂಚನಾಮೆಗೆ ರುಜು ಹಾಕಿದವರು ಯಾರು, ಫಿರ್ಯಾದಿಯ ನೆಂಟರೇ? ಬಣವೆ ಯಾರದು? ಇನ್ನೊಬ್ಬರ ಬಣವೆಯಾದರೆ ಯಾರು ಬೇಕಾದರೂ ಇಟ್ಟಿರಬಹುದು ಅಲ್ವಾ. ಉತ್ತರ ಸಿಗದೇ ಇರಬಹುದು. ಸಿಗದಿದ್ದರೆ ನೀವು ಬರೆಯುವಾಗ ‘ಅವನು ಕದ್ದ’ ಅನ್ನದೆ ‘ಅವನ ಮೇಲೆ ಕೇಸು ಆಯಿತು’ ಅಂತ ಬರೆಯಿರಿ, ಅಷ್ಟೇ.

ಬೆರಳಚ್ಚು ನೋಡಿದ್ದರೋ ಅಂತ ಕೆಲವರು ಕೇಳುತ್ತಾರೆ. ಇಲ್ಲ, ಅದು ಶತಮಾನದ ಕೊನೆಗೆ ಬಂದದ್ದು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಮುಂದಿನ ವರ್ಷ ಜಲಪಾಯಿಗುರಿಯ ಚಹಾ ತೋಟದ ಮ್ಯಾನೇಜರನ ಕೊಲೆ ಕೇಸಿನಲ್ಲಿ ಪಂಚಾಂಗದ ಮೇಲಿದ್ದ ರಕ್ತದ ಹೆಬ್ಬೆರಳ ಗುರುತು ಹಳೇ ಕಳ್ಳನೊಬ್ಬನ ಗುರುತಿಗೆ ಹೊಂದಿತು. ಕೋರ್ಟು ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ.

ಆರೋಪಿಯ ಹೆಸರಿನ ಪಕ್ಕ ಜಾತಿ ಇದ್ದೇ ಇರುತ್ತದೆ. ಇಲ್ಲಿ ಎಡವುವವರು ಬಹಳ. ‘ಇವರು ಕಳ್ಳತನದ ಕುಲದವರು’ ಅಂತ ಅಧಿಕಾರಿ ಬರೆದದ್ದನ್ನು ಜಾತಿಯ ಗುಣ ಅಂತ ನಕಲು ಮಾಡಬೇಡಿ. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಮರು, ಲಂಬಾಣಿಗಳ ವ್ಯಾಪಾರ ರೈಲು ಬಂದ ಮೇಲೆ ಮುರಿದುಬಿತ್ತು. ತಿರುಗೋದೇ ಬದುಕಾಗಿದ್ದವರು ತಿರುಗುತ್ತಾರೆ ಅನ್ನೋದೇ ಅನುಮಾನಕ್ಕೆ ಸಾಕಾಯಿತು. 1871ರಲ್ಲಿ ಉತ್ತರ ಭಾರತಕ್ಕೆ ಮಾಡಿದ ‘ಅಪರಾಧಿ ಬುಡಕಟ್ಟು’ ಕಾಯ್ದೆ 1911ರಲ್ಲಿ ಮದ್ರಾಸಿಗೂ ಬಂತು, ದೇಶದ ಮಟ್ಟದಲ್ಲಿ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ‘ಸೆಟಲ್‌ಮೆಂಟ್’ ಅಂತ ಬಡಾವಣೆ ಇದೆಯಲ್ಲ, ಆ ಹೆಸರು ಬಂದದ್ದು ಇಂಥ ಕುಟುಂಬಗಳನ್ನು ಬೇಲಿಯೊಳಗೆ ಇಟ್ಟದ್ದರಿಂದ.

ಕಾಡಿನ ಕೇಸುಗಳನ್ನು ಬೇರೆ ರಾಶಿ ಮಾಡಿಕೊಳ್ಳಿ. 1878ರ ಅರಣ್ಯ ಕಾಯ್ದೆ, ಮದ್ರಾಸಿನ 1882ರ ಕಾಯ್ದೆ ಬಂದ ಮೇಲೆ ನಿನ್ನೆವರೆಗೆ ಸೌದೆ ತರುತ್ತಿದ್ದ ಹೆಂಗಸು ಇವತ್ತು ಅಪರಾಧಿ. ಅಂಕಿ ಏರಿದ್ದನ್ನು ನೋಡಿ ಊರು ಕೆಟ್ಟಿತು ಅಂತ ಬರೆಯಬೇಡಿ.

ಅಂಕಿ ಅಂದಾಗ ಇನ್ನೊಂದು ಮಾತು. ವರ್ಷ ವರ್ಷದ ಪೊಲೀಸ್ ವರದಿಯಲ್ಲಿ ಎಷ್ಟು ಬೆಲೆಯ ಮಾಲು ಹೋಯಿತು, ಎಷ್ಟು ವಾಪಸು ಬಂತು ಅಂತ ಕೋಷ್ಟಕ ಇರುತ್ತದೆ. ಅಧಿಕಾರಿಯ ಯೋಗ್ಯತೆ ಅಳೆಯುತ್ತಿದ್ದದ್ದು ಅದರಲ್ಲೇ. ಪತ್ತೆಯಾಗದ ಕೇಸು ದಾಖಲಾಗದಿದ್ದರೆ ಲೆಕ್ಕ ಚೆನ್ನಾಗಿ ಕಾಣುತ್ತದೆ, ಹಾಗಾಗಿ ದೂರನ್ನು ನುಂಗಿಹಾಕುವ ಚಾಳಿ ಇತ್ತು.

ಕೊನೆಗೆ ತಿಂಗಳು, ಮಳೆ. ನಮ್ಮ ಉದಾಹರಣೆಯನ್ನು 1877ಕ್ಕೆ ಇಟ್ಟದ್ದು ಬೇಕೆಂದೇ. 1876ರಲ್ಲಿ ಮಳೆ ಕೈಕೊಟ್ಟು ಧಾತು ಈಶ್ವರ ಬರ ಬಿತ್ತು. ಮೈಸೂರಿನಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷದ ಮೇಲಿದ್ದ ಜನ 1881ರಲ್ಲಿ ಸುಮಾರು 42 ಲಕ್ಷ. ಮದ್ರಾಸಿನ ಬರ ಪರಿಹಾರದ ಕೆಲಸದಲ್ಲಿ ಒಂದು ಹಂತದಲ್ಲಿ ಗಂಡಾಳಿಗೆ ಸಿಗುತ್ತಿದ್ದದ್ದು ದಿನಕ್ಕೆ ಒಂದು ಪೌಂಡು ಧಾನ್ಯ, ಅರ್ಧ ಆಣೆ. ಒಂದು ಪೌಂಡು ಅಂದರೆ ಅರ್ಧ ಕಿಲೋ ಕೂಡ ಇಲ್ಲ. ಇದನ್ನು ಇಟ್ಟುಕೊಂಡು ಮುದ್ದೆಮಾಲಿನ, ಅಂದರೆ ಕೇಸಿನ ಮಾಲಿನ, ಪಟ್ಟಿ ಮತ್ತೆ ಓದಿ. ಹೋದದ್ದು ಚೊಂಬು, ಸೀರೆ, ಜೋಳ. ವಾಪಸು ಬಂದದ್ದು ಚೊಂಬು ಮಾತ್ರ. ಸೀರೆ ಸಂತೆಯಲ್ಲಿ ಕೈ ಬದಲಾಗಿರಬಹುದು. ನಾಲ್ಕು ಸೇರು ಜೋಳ ಎಲ್ಲಿ ಹೋಯಿತು ಅಂತ ಪೊಲೀಸಿನವನು ಬರೆದಿಲ್ಲ, ಮೂರು ದಿನ ಆಗಿತ್ತಲ್ಲ.